ಗಂಟಲಿಗೆ ನೋವಾಗದಂತೆ

ಧೂಮಪಾನಿಗಳನ್ನು ಉದ್ಧರಿಸಲು ಹೊರಟವರಲ್ಲಿ ಹರ್ಬರ್ಟ್ ಗಿಲ್ಬರ್ಟ್‌ರಷ್ಟು ವ್ಯವಹಾರ ಗೊತ್ತಿಲ್ಲದವರು ಇನ್ನೊಬ್ಬರಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್ ಎಂಬ ಊರಿನವರು, ಗುಜರಿ ಲೋಹದ ವ್ಯಾಪಾರದಲ್ಲಿದ್ದವರು. 1963ರಲ್ಲೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಅರ್ಜಿ ಹಾಕಿದರು, 1965ರಲ್ಲಿ ಪಡೆದೂ ಬಿಟ್ಟರು. ಬ್ಯಾಟರಿಯಿಂದ ಬಿಸಿಯಾಗುವ ಕೊಳವೆ, ಎಳೆದರೆ ಬಾಯಿಗೆ ಬರುವ ಬೆಚ್ಚನೆಯ ಪರಿಮಳದ ಹವೆ. ತಂಬಾಕಿಲ್ಲ, ಬೆಂಕಿಯಿಲ್ಲ, ನಿಕೋಟಿನ್ ಇಲ್ಲ. ಕಂಪನಿಗಳ ಬಾಗಿಲು ತಟ್ಟಿದರು, ಯಾರೂ ತೆರೆಯಲಿಲ್ಲ. ಒಮ್ಮೆ ಕೊಂಡವನು ನಾಳೆ ಬೆಳಿಗ್ಗೆ ಕೈ ನಡುಗಿಸಿಕೊಂಡು ಮತ್ತೆ ಬರಬೇಕೆಂಬ ಕಟ್ಟುಪಾಡೇ ಇಲ್ಲದ ಸರಕನ್ನು ಮಾರಲು ಸಿಗರೇಟ್ ಕಂಪನಿ ಯಾಕೆ, ಊದಿನಕಡ್ಡಿ ಅಂಗಡಿ ಸಾಲದೆ?

1988ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ ಈ ತಪ್ಪು ಮಾಡಲಿಲ್ಲ. ನಿಕೋಟಿನ್ ಒಂದನ್ನು ಜೋಪಾನ ಮಾಡಿ, ಮಿಕ್ಕಿದ್ದನ್ನೆಲ್ಲ ಬದಲಿಸಿ 'ಪ್ರೀಮಿಯರ್' ಎಂಬ ಹೊಗೆರಹಿತ ಸಿಗರೇಟು ತಂದಿತು. ತುದಿಯಲ್ಲಿ ಇದ್ದಿಲ ಚೂರು, ಅದರ ಹಿಂದೆ ಪುಟ್ಟ ಅಲ್ಯುಮಿನಿಯಂ ಡಬ್ಬಿ. 30 ಕೋಟಿ ಡಾಲರಿಗೂ ಹೆಚ್ಚು ಸುರಿದ ಮೇಲೆ ತಿಳಿದದ್ದೇನೆಂದರೆ, ಬೆಂಕಿಕಡ್ಡಿಯಿಂದ ಹಚ್ಚಿದರೆ ದುರ್ನಾತ ಬರುತ್ತದೆ, ಎಳೆಯಲು ಗರಡಿಮನೆಯ ಸಾಧನೆ ಬೇಕು. ಹೇಗೆ ಸೇದಬೇಕೆಂದು ಹೇಳಿಕೊಡಲು ಪೆಟ್ಟಿಗೆಯ ಜೊತೆ ಒಂದು ಕೈಪಿಡಿಯೂ ಇತ್ತು. ಕೈಪಿಡಿ ಓದುವಷ್ಟು ತಾಳ್ಮೆ ಇದ್ದವನು ಸಿಗರೇಟಿಗೆ ಯಾಕೆ ಕೈಹಾಕುತ್ತಾನೆ? ವರ್ಷ ತುಂಬುವ ಮೊದಲೇ ಪ್ರೀಮಿಯರ್ ಮಾರುಕಟ್ಟೆಯಿಂದ ಎದ್ದುಹೋಯಿತು.

ಆಮೇಲೆ ಬಂದವರು ಚೀನಾದ ಹೊನ್ ಲಿಕ್, ಶೆನ್ಯಾಂಗ್ ನಗರದ ಔಷಧ ತಜ್ಞರು. ಸ್ವತಃ ಸೇದುವವರು, ತಂದೆ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದವರು. 2003ರ ಹೊತ್ತಿಗೆ ನಿಕೋಟಿನ್ ದ್ರಾವಣವನ್ನು ಆವಿಯಂತೆ ಹಾರಿಸುವ ಸಾಧನ ಮಾಡಿದರು. ಇಂದಿನ ವೇಪ್‌ಗಳ, ಅಂದರೆ ಎಲೆಕ್ಟ್ರಾನಿಕ್ ಸಿಗರೇಟುಗಳ, ಮೂಲಪುರುಷ ಅದೇ. ಸಿಗರೇಟು ಬಿಡಿಸಬೇಕೆಂಬ ಅವರ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ 2013ರಲ್ಲಿ ಆ ಪೇಟೆಂಟುಗಳನ್ನು 7.5 ಕೋಟಿ ಡಾಲರಿಗೆ ಕೊಂಡದ್ದು ಯಾವುದೋ ಕ್ಯಾನ್ಸರ್ ಆಸ್ಪತ್ರೆಯಲ್ಲ, ಇಂಪೀರಿಯಲ್ ಟೊಬ್ಯಾಕೊ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ನಿಕೋಟಿನ್ ಸ್ವಭಾವತಃ ಕ್ಷಾರ. ಆವಿಯಲ್ಲಿ ಹೆಚ್ಚು ತುಂಬಿದರೆ ಗಂಟಲು ಉರಿದು ಕೆಮ್ಮು ಬರುತ್ತದೆ. ಮೊದಲ ದಮ್ಮಿಗೇ ಬರುವ ಆ ಕೆಮ್ಮು, ದೇಹ ಸಲ್ಲಿಸುವ ತಕರಾರು ಅರ್ಜಿ. ಎಷ್ಟೋ ಹುಡುಗರು ಅಲ್ಲಿಗೇ ಕೈಬಿಟ್ಟು ಬಚಾವಾಗಿದ್ದಾರೆ. ಈ ಅರ್ಜಿಯನ್ನು ವಜಾ ಮಾಡಿದ ಕೀರ್ತಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿನ್ಯಾಸ ಓದಿದ ಜೇಮ್ಸ್ ಮಾನ್ಸೀಸ್ ಮತ್ತು ಆಡಂ ಬೋವೆನ್ ಜೋಡಿಗೆ ಸಲ್ಲಬೇಕು. 1998ರಲ್ಲಿ ಅಮೆರಿಕದ ರಾಜ್ಯಗಳ ಜೊತೆ ತಂಬಾಕು ಕಂಪನಿಗಳು ರಾಜಿಗೆ ಬಂದಾಗ ಅವುಗಳ ಒಳಕಾಗದಗಳು ರಾಶಿರಾಶಿಯಾಗಿ ಬಯಲಾಗಿದ್ದವು. ಜನ ಓದಿ ಎಚ್ಚೆತ್ತುಕೊಳ್ಳಲಿ ಎಂದು ತೆರೆದಿಟ್ಟದ್ದು. ಪೊಲೀಸರ ಮಹಜರು ಓದಿ ಬೀಗ ಒಡೆಯುವುದನ್ನು ಕಲಿತಂತೆ, ಇವರು ಅದನ್ನೇ ಪಠ್ಯ ಮಾಡಿಕೊಂಡರು. ಆ ಕಾಗದಗಳು ತಮಗೆ ಎಷ್ಟು ನೆರವಾದವೆಂದು ಮಾನ್ಸೀಸ್ ಸಂದರ್ಶನದಲ್ಲಿ ಸಂತೋಷದಿಂದಲೇ ಹೇಳಿಕೊಂಡಿದ್ದಾರೆ. ನಿಕೋಟಿನ್ನಿಗೆ ಬೆಂಜೋಯಿಕ್ ಆಮ್ಲ ಬೆರೆಸಿದರೆ ಅದು ಲವಣವಾಗಿ ಗಂಟಲು ತಣ್ಣಗಾಗುತ್ತದೆ. ಸಾಸು, ಶರಬತ್ತು ಕೆಡದಂತೆ ಇಡಲು ಬಳಸುವ ಬಳಗದ ಆಮ್ಲವೇ ಅದು. ಕೆಡದಂತೆ ಕಾಯುವುದು ಅದರ ಕುಲಕಸುಬು. ಇಲ್ಲಿ ಗಿರಾಕಿಯ ಚಟವನ್ನು ಕಾಯಿತು.

2015ರಲ್ಲಿ ಈ ಜೋಡಿಯ ವೇಪ್ 'ಜೂಲ್' ಬಂತು. ಪೆನ್‌ಡ್ರೈವ್‌ನಂಥ ರೂಪ, ಲ್ಯಾಪ್‌ಟಾಪಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಸೌಕರ್ಯ, ಆಮೇಲೆ ಸೇರಿದ ಮಾವಿನ ಹಣ್ಣಿನ ರುಚಿ. ಮಗ ಪ್ರಾಜೆಕ್ಟ್ ಮಾಡುತ್ತಿದ್ದಾನೆಂದು ಅಪ್ಪ ಅಮ್ಮ ಹಾಲು ತಂದಿಟ್ಟು ಹೋಗುವಷ್ಟು ಸಭ್ಯವಾದ ವಸ್ತು. ಯುರೋಪಿನಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ನಿನ ಮಿತಿ ಇದ್ದರೆ, ಅಮೆರಿಕದ ಜೂಲ್‌ನಲ್ಲಿ 59. ಇದೆಲ್ಲ ವಯಸ್ಕ ಧೂಮಪಾನಿಗಳಿಗಾಗಿ ಮಾತ್ರ ಎಂದು ಕಂಪನಿ ಹೇಳುತ್ತಲೇ ಇತ್ತು. 2019ರ ಸರ್ಕಾರಿ ಸಮೀಕ್ಷೆಯಲ್ಲಿ ಹೈಸ್ಕೂಲು ಮಕ್ಕಳಲ್ಲಿ ಶೇ. 27.5ರಷ್ಟು ಮಂದಿ ವೇಪ್ ಸೇದುತ್ತಿದ್ದರು. ವಯಸ್ಕರಾಗಲು ಅಷ್ಟೊಂದು ಆತುರ! ಬಾಲ್ಟಿಮೋರ್‌ನ ಶಾಲಾ ಸಂಸ್ಥೆಯೊಂದಕ್ಕೆ ಆರೋಗ್ಯ ಶಿಕ್ಷಣದ ಬೇಸಿಗೆ ಶಿಬಿರ ನಡೆಸಲು ಜೂಲ್ 1,34,000 ಡಾಲರ್ ಕೊಟ್ಟಿದ್ದೂ ಅಮೆರಿಕದ ಸಂಸತ್ ಸಮಿತಿಯ ವಿಚಾರಣೆಯಲ್ಲಿ ಹೊರಬಿತ್ತು. ಸಿಗರೇಟನ್ನು ನಿರ್ನಾಮ ಮಾಡಲು ಹುಟ್ಟಿದ ಈ ಕಂಪನಿಯ ಶೇ. 35 ಪಾಲನ್ನು 1,280 ಕೋಟಿ ಡಾಲರ್ ಕೊಟ್ಟು ಕೊಂಡದ್ದು ಮಾರ್ಲ್‌ಬರೊ ಸಿಗರೇಟಿನ ಒಡೆಯ ಆಲ್ಟ್ರಿಯಾ. ತನ್ನ ನಿರ್ನಾಮದಲ್ಲೂ ಪಾಲು ಬೇಕೆನ್ನುವ ವ್ಯಾಪಾರಿ ಇನ್ನೆಲ್ಲಿ ಸಿಕ್ಕಾನು?

ಅಲ್ಲಿಂದ ಮುಂದೆ ಹೊಸತನವನ್ನು ಹುಟ್ಟಿಸಿದ್ದು ಎಂಜಿನಿಯರುಗಳಲ್ಲ, ಕಾನೂನು ಬರೆಯುವ ಅಧಿಕಾರಿಗಳು. 2020ರಲ್ಲಿ ಅಮೆರಿಕ ಮರುಬಳಕೆಯ ವೇಪ್‌ಗಳಿಗೆ ಸಿಕ್ಕಿಸುವ ಹಣ್ಣಿನ ರುಚಿಯ ಕುಪ್ಪಿಗಳನ್ನು ತಡೆಯಿತು. ಸೇದಿ ಬಿಸಾಡುವ ವೇಪ್‌ಗಳನ್ನು ಬಿಟ್ಟಿತು. ಮಕ್ಕಳೆಲ್ಲ 'ಪಫ್ ಬಾರ್' ಎಂಬ ಬಿಸಾಡುವ ವೇಪ್‌ಗೆ ವಲಸೆ ಹೋದರು. ತಂಬಾಕಿನ ಕಾನೂನು ಬೆನ್ನು ಹತ್ತಿದಾಗ ಪಫ್ ಬಾರ್, ನಮ್ಮದು ಪ್ರಯೋಗಾಲಯದ ನಿಕೋಟಿನ್, ತಂಬಾಕಿಗೂ ನಮಗೂ ಸಂಬಂಧವೇ ಇಲ್ಲ ಎಂದಿತು. 2022ರಲ್ಲಿ ಆ ಕಿಂಡಿಯನ್ನೂ ಮುಚ್ಚಬೇಕಾಯಿತು. ಅದೇ ವರ್ಷ ಚೀನಾ ತನ್ನ ಪ್ರಜೆಗಳಿಗೆ ತಂಬಾಕಿನ ರುಚಿ ಬಿಟ್ಟು ಬೇರೆ ರುಚಿಯ ವೇಪ್ ಮಾರಬಾರದೆಂದು ಕಟ್ಟಪ್ಪಣೆ ಹೊರಡಿಸಿತು. ರಫ್ತಿಗೆ ಅಡ್ಡಿಯಿಲ್ಲ. ಕಲ್ಲಂಗಡಿ, ದ್ರಾಕ್ಷಿಗಳೆಲ್ಲ ಅಲ್ಲಿನ ಶೆನ್ಜೆನ್ ನಗರದಿಂದ ಹಡಗು ಹತ್ತಿ ಪರದೇಶದ ಮಕ್ಕಳನ್ನು ಹುಡುಕಿಕೊಂಡು ಹೋದವು. ಈಗ ವೇಪ್ ಮೇಲೆ ಪರದೆ, ಪರದೆ ಮೇಲೆ ಆಟ. ಕಸದ ಬುಟ್ಟಿಗೆ ಹೋಗುವ ಪ್ರತಿಯೊಂದರಲ್ಲೂ ಮತ್ತೆ ಚಾರ್ಜ್ ಆಗಬಲ್ಲ ಜಾತಿಯ ಒಂದು ಲಿಥಿಯಂ ಬ್ಯಾಟರಿ.

ಬ್ರಿಟನ್ನಿನ ಕಥೆ ಕೊಂಚ ಬೇರೆ. ಸುಡುವ ಸಿಗರೇಟಿಗಿಂತ ವೇಪ್ ಕಡಿಮೆ ಕೇಡು ಎಂದು ಅಲ್ಲಿನ ವೈದ್ಯರು ಹೇಳುವುದು ಸುಳ್ಳಲ್ಲ. 2023ರಲ್ಲಿ ಹತ್ತು ಲಕ್ಷ ಧೂಮಪಾನಿಗಳಿಗೆ ವೇಪ್ ಕಿಟ್ ಪುಕ್ಕಟೆ ಹಂಚುವ ಯೋಜನೆಯನ್ನೂ ಅಲ್ಲಿನ ಸರ್ಕಾರ ಘೋಷಿಸಿತು. 2025ರ ಜೂನ್ 1ರಿಂದ ಬಿಸಾಡುವ ವೇಪ್‌ಗಳನ್ನು ಅದೇ ದೇಶ ನಿಷೇಧಿಸಿತು. ಕಂಪನಿಗಳು ಅದೇ ಬಣ್ಣದ, ಅದೇ ಗಾತ್ರದ ವೇಪ್‌ಗೆ ಚಾರ್ಜ್ ಮಾಡಲು ಒಂದು ತೂತು ಕೊರೆದು, ಕುಪ್ಪಿ ಬದಲಿಸುವಂತೆ ಮಾಡಿ ಅಂಗಡಿಗೆ ಕಳಿಸಿದವು.

ನಮ್ಮಲ್ಲಿ ಇಂಥ ಗೋಜಲಿಲ್ಲ. ಕರ್ನಾಟಕ 2016ರಲ್ಲೇ ಎಲೆಕ್ಟ್ರಾನಿಕ್ ಸಿಗರೇಟು ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಯುವಜನರ ಆರೋಗ್ಯದ ಕಾಳಜಿಯಿಂದ ಕೇಂದ್ರವೂ ದೇಶಾದ್ಯಂತ ನಿಷೇಧ ಸಾರಿತು. ಮಾರಿದರೆ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಂದು ಷೇರುಪೇಟೆಯಲ್ಲಿ ಮಾಮೂಲಿ ಸಿಗರೇಟು ಕಂಪನಿಗಳ ಷೇರು ಏರಿದವು. ಯುವಜನರ ಆರೋಗ್ಯ ಕಂಡು ಅವಕ್ಕೂ ಸಂತೋಷ. ಬೀಡಿಗೆ ಏನೂ ಆಗಲಿಲ್ಲ. ಪಿರಿಯಾಪಟ್ಟಣ, ಹುಣಸೂರಿನ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಹದವಾಗಿ ಬೇಯುತ್ತಲೇ ಇದೆ, ಕೇಂದ್ರ ಸರ್ಕಾರದ್ದೇ ಆದ ತಂಬಾಕು ಮಂಡಳಿ ಅದನ್ನು ಹರಾಜು ಹಾಕಿಸುತ್ತಲೇ ಇದೆ.

ದೇಶದ ಅತಿದೊಡ್ಡ ಸಿಗರೇಟು ಕಂಪನಿ ಐಟಿಸಿಯ ದೊಡ್ಡ ಪಾಲುದಾರರಲ್ಲಿ ಭಾರತೀಯ ಜೀವ ವಿಮಾ ನಿಗಮವೂ ಒಂದು. ಇದೇ ನಿಗಮದಲ್ಲಿ ಟರ್ಮ್ ಪಾಲಿಸಿ ಮಾಡಿಸಲು ಹೋದರೆ, ಸಿಗರೇಟು ಸೇದುತ್ತೀರಾ ಎಂದು ಕೇಳಿ, ಹೌದೆಂದವರಿಗೆ ಹೆಚ್ಚು ಪ್ರೀಮಿಯಂ ಹಾಕುತ್ತಾರೆ. ಆ ಕಡೆಯಿಂದ ಪ್ರೀಮಿಯಂ, ಈ ಕಡೆಯಿಂದ ಡಿವಿಡೆಂಡ್. ಶೆನ್ಜೆನ್‌ನಿಂದ ಕದ್ದು ಬರುವ ಮಾವಿನ ರುಚಿಯ ವೇಪ್‌ನಿಂದ ಡಿವಿಡೆಂಡ್ ಬರುವುದಿಲ್ಲ.