ಹರಟೆಗೊಂದು ಲೈಸೆನ್ಸು

ತಾರು ಕಳಿಸುವಷ್ಟು, ಟ್ರಂಕ್ ಕಾಲ್ ಹಚ್ಚುವಷ್ಟು ಮಹತ್ವವಿಲ್ಲದ ಖಾಸಗಿ ಮಾತಿದ್ದರೆ ಮಾತ್ರ ಆಡತಕ್ಕದ್ದು! ಜಗತ್ತಿನ ಸರಕಾರಗಳೆಲ್ಲ ಒಂದೆಡೆ ಕೂತು ಹೀಗೊಂದು ನಿಯಮ ಮಾಡಿದ್ದವು ಎಂದರೆ ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನಂಬುವುದಿಲ್ಲ. ಆದರೆ ಖರೇ. ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ತಮ್ಮ ತಮ್ಮಲ್ಲಿ ಯಂತ್ರದ ವಿಚಾರ ಮಾತಾಡಬಹುದು. ಅದು ಮುಗಿದರೆ ಇಂಥ ಕೆಲಸಕ್ಕೆ ಬಾರದ ಮಾತು ಆಡಬಹುದು. ವ್ಯಾಪಾರ ಕೂಡದು, ಹಾಡು ಹಚ್ಚಕೂಡದು, ಸುದ್ದಿ ಬಿತ್ತರಿಸಕೂಡದು. ಮಹತ್ವದ ಮಾತಿದ್ದರೆ ಅಂಚೆ ಕಚೇರಿಗೆ ಹೋಗಿ ರೊಕ್ಕ ಕೊಟ್ಟು ಹೇಳಿ, ಸರಕಾರದ ಗಲ್ಲೆಗೆ ಕನ್ನ ಹಾಕಬೇಡಿ ಎಂಬುದು ಒಳಮರ್ಮ. ನಿಯಮದ ಭಾಷೆ ಈಗ ಸ್ವಲ್ಪ ಮೆತ್ತಗಾಗಿದೆ. ಮರ್ಮ ಹಾಗೇ ಇದೆ.

ಇದನ್ನು ಓದಿದ ಕೂಡಲೇ ನನಗೆ ಖಾತ್ರಿಯಾಯಿತು, ಈ ಹವ್ಯಾಸವನ್ನು ನಮ್ಮ ವಿಜಯಪುರ ಜಿಲ್ಲೆಯ ಮಂದಿಯನ್ನು ನೋಡಿಯೇ ಹುಟ್ಟಿಸಿದ್ದಾರೆ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಮುದ್ದೇಬಿಹಾಳದಲ್ಲಿ ನೌಕರಿ ಹತ್ತಿ, ಸಿಂದಗಿಯಲ್ಲಿ ಬಹಳ ವರ್ಷ ಸವೆದು, ಇಂಡಿಯಲ್ಲಿ ನಿವೃತ್ತನಾದವನು. ಹೆಂಡತಿಯ ತವರು ಬಸವನ ಬಾಗೇವಾಡಿ. ನಾಲ್ಕೂ ಊರಿನ ಚಹಾದಂಗಡಿ ಕಂಡವನಾಗಿ ಹೇಳುತ್ತೇನೆ, ಮಹತ್ವವಿಲ್ಲದ ಮಾತಿನಲ್ಲಿ ನಮ್ಮನ್ನು ಮೀರಿಸುವವರಿಲ್ಲ. "ಊಟಾತ್ರಿ?" "ಆತ್ರಿ." "ಏನ್ ಮಾಡಿದ್ರು?" "ಏನೈತ್ರಿ, ರೊಟ್ಟಿ." "ಪಲ್ಲೆ?" "ಝುಣಕ." "ಮಳಿ ಹೆಂಗ್ರಿ ನಿಮ್ ಕಡಿ?" "ಎಲ್ಲೈತ್ರಿ ಮಳಿ!" ಅಮೆರಿಕದ ಹ್ಯಾಮೊಬ್ಬ ಜಪಾನಿನ ಹ್ಯಾಮ್ ಜೊತೆ ಆಡುವುದೂ ಇಷ್ಟೇ. ಹೆಸರು, ಊರು, ಮಳೆ-ಬಿಸಿಲು, ದನಿ ಹೇಗೆ ಕೇಳುತ್ತದೆ. ರಾಜಕಾರಣ, ಧರ್ಮ ಎತ್ತಬಾರದು ಎಂಬ ರೂಢಿಯೊಂದಿದೆ. ಅದೊಂದು ಮಾತ್ರ ನಮಗೆ ಕಠಿಣ. ಸಿಂದಗಿಯಲ್ಲಿ ಎರಡನೇ ಕಪ್ಪು ಚಹಾ ಬರುವುದರೊಳಗೆ ಮಾತು ಮುಂದಿನ ಸಲ ಟಿಕೆಟ್ ಯಾರಿಗೆ ಎಂಬಲ್ಲಿಗೆ ಬಂದು ನಿಂತಿರುತ್ತದೆ.

ಇನ್ನೊಂದು ಫರಕೆಂದರೆ ಚಹಾದಂಗಡಿಗೆ ಪರೀಕ್ಷೆ ಇಲ್ಲ, ಇದಕ್ಕಿದೆ. ಕೇಂದ್ರದ ಸಂಪರ್ಕ ಖಾತೆಯ ವೈರ್‌ಲೆಸ್ ವಿಭಾಗ ನಡೆಸುವ ಪರೀಕ್ಷೆಯಲ್ಲಿ ರೇಡಿಯೋ ಶಾಸ್ತ್ರ ಒಂದು ಭಾಗ, ಕಾಯಿದೆ ಕಾನೂನು ಇನ್ನೊಂದು. 12 ವರ್ಷ ತುಂಬಿದವರು ಯಾರಾದರೂ ಕೂಡಬಹುದು. ಮೇಲಿನ ಮಿತಿ ಇಲ್ಲವಾದ್ದರಿಂದ ನಾನೂ ಕೂತೆ. ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ನೋಡಿದರೆ, ಪಕ್ಕದ ಕುರ್ಚಿಯಲ್ಲಿ ಎರಡು ಜಡೆಯ ಹುಡುಗಿ. ನಾಲ್ಕು ದಶಕ ಮಂದಿಯ ಮಕ್ಕಳಿಗೆ "ಆಚೀಚೆ ನೋಡಬ್ಯಾಡ್ರಿ" ಎಂದವನಿಗೆ ಅವಳ ಉತ್ತರಪತ್ರಿಕೆಯತ್ತ ಕತ್ತು ಹೊರಳದಂತೆ ಹಿಡಿದಿಡುವುದೇ ದೊಡ್ಡ ಪರೀಕ್ಷೆಯಾಯಿತು. ಅವಳು ನನಗಿಂತ ಮೊದಲು ಬರೆದು ಮುಗಿಸಿ, ಹೊರಡುವಾಗ "ಆಲ್ ದಿ ಬೆಸ್ಟ್ ಅಂಕಲ್" ಅಂದಳು.

ಕೆಳಗಿನ ದರ್ಜೆಯ ಲೈಸೆನ್ಸಿಗೆ ಮೋರ್ಸ್ ಬೇಡ. ಮೇಲಿನ ದರ್ಜೆಗೆ ಬೇಕು. ನಿಮಿಷಕ್ಕೆ 8 ಪದ ಕಳಿಸಬೇಕು, 8 ಪದ ಕೇಳಿ ಬರೆದುಕೊಳ್ಳಬೇಕು. ಗುರುವಿಗೆ ನಾನು ದೂರ ಹೋಗಬೇಕಾಗಲಿಲ್ಲ. ಸಿಂದಗಿಯಲ್ಲಿ ನನ್ನ ಹಳೆಯ ಪರಿಚಯದ ತಾರ್ ಮಾಸ್ತರರೊಬ್ಬರಿದ್ದಾರೆ. 2013ರ ಜುಲೈನಲ್ಲಿ ದೇಶದ ತಂತಿ ಸೇವೆಯನ್ನೇ ಮುಚ್ಚಿದಾಗ ಪತ್ರಿಕೆಗಳೆಲ್ಲ ಕಣ್ಣೀರು ಹಾಕಿದವು, ಇವರು ಮಾತ್ರ "ಪೀಡಾ ಹೋತು" ಅಂದಿದ್ದರು. ಅವರ ಕೈಯಿಂದ ಹೋದ ತಾರುಗಳಲ್ಲಿ ಹೆಚ್ಚಿನವು ಯಾರೋ ತೀರಿಹೋದ ಸುದ್ದಿಯವು. ಓಣಿಯಲ್ಲಿ ಹಾಯ್ದರೆ ಹೆಂಗಸರು ಬಾಗಿಲು ಹಾಕುತ್ತಿದ್ದರಂತೆ. ನಾನು ಮೋರ್ಸ್ ಕಲಿಸಿ ಎಂದಾಗ ಅವರ ಮೊದಲ ಪ್ರಶ್ನೆ, "ಈಗ ಯಾರಿಗಾಗೇತ್ರಿ?"

ಕಲಿಸಿದರು. ಆದರೆ ಒಂದು ತಕರಾರು. ಅಂಚೆ ಕಚೇರಿಯ ಯಂತ್ರದಿಂದ ಬರುತ್ತಿದ್ದದ್ದು ಬರೀ ಕಟ್ ಕಟ್ ಸದ್ದು. ಎರಡು ಸದ್ದಿನ ನಡುವಿನ ಅಂತರ ಹಿಡಿದು ಅದು ಚುಕ್ಕಿಯೋ ಗೆರೆಯೋ ತಿಳಿಯಬೇಕಿತ್ತು. ರೇಡಿಯೋದ್ದು ಪೀ ಪೀ. "ಇದೇನ್ರಿ, ಕೂಸಿನ ಆಟಿಗಿ ಸಾಮಾನ ಆತಲ್ಲ. ನಮ್ಮ ಸಾಹೇಬ್ರು ಕೇಳಿದ್ರ ನಗ್ತಿದ್ರು" ಎಂದು ಮುಖ ಕಿವುಚಿದರು. ಆದರೂ ಊಟದ ತಾಟಿನ ಅಂಚಿಗೆ ಚಮಚದಿಂದ ಬಡಿದು ನನಗೆ ಪಾಠ ಮಾಡಿದರು. ಅವರ ಸೊಸೆ ಒಳಗಿನಿಂದ ಎರಡು ಸಲ ರೊಟ್ಟಿ ತಂದು ಬಡಿಸಿಹೋದಳು. ಬೇಡಾಗಿದ್ದರೂ ಉಂಡೆವು, ಪಾಠ ನಡೆದಿದೆ ಎಂದು ಅವಳಿಗೆ ಯಾರು ತಿಳಿಸಿ ಹೇಳುತ್ತಾರೆ?

ಪರೀಕ್ಷೆ ಪಾಸಾದರೆ ಮುಗಿಯಲಿಲ್ಲ, ಪೊಲೀಸ್ ವಿಚಾರಣೆ ಆಗಬೇಕು. ಬಂದ ಪೊಲೀಸಪ್ಪ ನನ್ನ ಹಳೆಯ ವಿದ್ಯಾರ್ಥಿ. ಕಾಲಿಗೆ ನಮಸ್ಕಾರ ಮಾಡಿ, ಆಮೇಲೆ ಪೆನ್ನು ತೆಗೆದ.

"ಮೊಬೈಲ್ ಇಲ್ಲೇನ್ರಿ ಸರ್ರ?"

"ಐತಲ್ಲಪಾ."

"ರೇಂಜ್ ಬರೂದಿಲ್ಲ?"

"ಬರ್ತೈತಿ."

"ಮತ್ತ ಇದ್ಯಾಕ್ರಿ?"

"ಮಂದಿ ಜೋಡಿ ಮಾತಾಡಾಕ."

"ಯಾವ ಮಂದಿ?"

"ಯಾರು ಸಿಗ್ತಾರೋ ಅವರು."

"ಏನ್ ಮಾತಾಡ್ತೀರಿ?"

"ನನ್ನ ದನಿ ಕೇಳಸ್ತೈತೇನು ಅಂತ ಕೇಳೂದು."

"ಕೇಳಸ್ತೈತಿ ಅಂದ್ರ?"

"ನಿಮ್ದೂ ಕೇಳಸ್ತೈತಿ ಅಂತ ಹೇಳೂದು."

ಅವನ ಪೆನ್ನು ಕಾಗದದ ಮೇಲೆ ಬಹಳ ಹೊತ್ತು ಸುಮ್ಮನೆ ನಿಂತಿತು. ಪಾಪ, ಎಸ್ಸೆಸ್ಸೆಲ್ಸಿಯಲ್ಲೂ ನನ್ನ ಪ್ರಶ್ನೆಪತ್ರಿಕೆ ಎದುರು ಹೀಗೇ ಕೂಡುತ್ತಿದ್ದ. ಕನಿಕರ ಬಂದು ಘನವಾದ ಸಂಗತಿಗಳನ್ನು ಹೇಳತೊಡಗಿದೆ. ರಾಜೀವ ಗಾಂಧಿಯವರೂ ಹ್ಯಾಮ್, ಅವರ ಸಂಕೇತ ವಿಯು2ಆರ್‌ಜಿ. ಇಸ್ರೋದವರು ಹ್ಯಾಮ್‌ಗಳಿಗೆಂದೇ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋ ತೂಕದ ಉಪಗ್ರಹ ಮಾಡಿ 2005ರ ಮೇ 5ರಂದು ಹಾರಿಸಿದರು, ಅದು 2014ರ ತನಕ ದುಡಿಯಿತು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಸರಕಾರದ ಅಪರೂಪದ ಅನುಮತಿ ಪಡೆದು ಪೋರ್ಟ್ ಬ್ಲೇರಿನಲ್ಲಿ ಕೂತು ಜಗತ್ತಿನ ಜೊತೆ ಇದೇ ಮಹತ್ವವಿಲ್ಲದ ಮಾತು ಆಡುತ್ತಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು, ಫೋನುಗಳು ಸತ್ತವು, ಬದುಕಿದವರ ಸುದ್ದಿಯನ್ನು ಅವರ ಸ್ಟೇಷನ್ನು ಮುಖ್ಯಭೂಮಿಗೆ ಮುಟ್ಟಿಸಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನಮ್ಮ ಇಂಡಿ, ಸಿಂದಗಿ ತಾಲೂಕಿನ ಹಳ್ಳಿಗಳಿಗೆ ನುಗ್ಗಿದ್ದನ್ನು ಪೊಲೀಸಪ್ಪ ಖುದ್ದು ನೀರಿನಲ್ಲಿ ನಿಂತು ನೋಡಿದ್ದವನು. ಪೆನ್ನು ಓಡತೊಡಗಿತು. "ಇದನ್ನ ಮೊದಲ ಹೇಳಬೇಕಿಲ್ರಿ ಸರ್ರ" ಅಂದ. ನನಗೆ ಮಾತ್ರ ಸ್ವಲ್ಪ ಕಸಿವಿಸಿ. ನಾನು ಲೈಸೆನ್ಸು ಕೇಳಿದ್ದು ಹರಟೆಗೆ, ಸಿಕ್ಕಿದ್ದು ಲೋಕಸೇವೆಯ ಹೆಸರಿನಲ್ಲಿ. 20 ವರ್ಷಕ್ಕೆ ಸಾವಿರ ರೂಪಾಯಿ ಕಟ್ಟಿದೆ. ಜೀವನಪರ್ಯಂತದ್ದೂ ಸಿಗುತ್ತದೆ, ಎರಡು ಸಾವಿರ. ನನ್ನ ವಯಸ್ಸು ನೋಡಿ ಹೆಂಡತಿ "ಸಣ್ಣದ ಸಾಕು" ಅಂದಳು.

ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಸೆಟ್ಟು ಬಂತು. ಇನ್ನು ಆಂಟೆನಾ. ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ತಂತಿಯ ಉದ್ದ ಮೀಟರಿನಲ್ಲಿ ಬರುತ್ತದೆ. ನನ್ನ 14 ಮೆಗಾಹರ್ಟ್ಸಿಗೆ ಸುಮಾರು 10 ಮೀಟರ್, ನಡುವೆ ತುಂಡರಿಸಿ ಎರಡೂ ಕಡೆ ಐದೈದು. ತಾಮ್ರದ ತಂತಿಗೆ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋದೆ. ನಿಂಬೆ ತೋಟದ ಸೀಮೆಯಲ್ಲಿ ಆ ಅಂಗಡಿಗೆ ಬಿಡುವಿರುವುದಿಲ್ಲ.

"ಎಷ್ಟ್ ಎಚ್‌ಪಿ ಮೋಟಾರ್ರಿ?"

"ಮೋಟಾರಿಗಲ್ಲಪಾ, ಮಾತಿಗೆ."

ಅವನು ತಂತಿ ತೂಗಿ ಕೊಟ್ಟು, ನಾನು ತಿರುವು ದಾಟುವ ತನಕ ನೋಡುತ್ತ ನಿಂತಿದ್ದ.

ಮಾಳಿಗೆಯ ಎರಡು ಮೂಲೆಗೆ ಗಳ ನಿಲ್ಲಿಸಿ ತಂತಿ ಬಿಗಿದಾಗ ಓಣಿಯವರು ಎಷ್ಟು ಚಾನೆಲ್ ಬರುತ್ತವೆ ಎಂದು ಕೇಳಿದರು. ಒಂದೂ ಬರುವುದಿಲ್ಲ ಎಂದದ್ದನ್ನು ಯಾರೂ ನಂಬಲಿಲ್ಲ. ಹಂಚಿಕೊಳ್ಳಲು ಮನಸ್ಸಿಲ್ಲ ಎಂದುಕೊಂಡರು. ಬಾಗೇವಾಡಿಯಿಂದ ಬಂದಿದ್ದ ನಮ್ಮತ್ತೆ ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, "ಭಾಳ ಚಂದ ಬಿಗಿದಾರ ನೋಡವಾ ಅಳಿಯಾಗೋಳು. ಶಾವಿಗಿ ಹಾಕಾಕ ಛಲೋ ಆತು" ಎಂದು ಮಗಳಿಗೆ ಹೇಳಿದರು. ಮರುದಿನ ಏರಿ ನೋಡುತ್ತೇನೆ, ಪಶ್ಚಿಮದ ಐದು ಮೀಟರಿನ ತುಂಬ ಶಾವಿಗೆ. ಹಸಿ ಗೋದಿ ಹಿಟ್ಟು ಜೋತ ಆಂಟೆನಾದ ಗುಣಧರ್ಮ ಯಾವ ಪುಸ್ತಕದಲ್ಲೂ ಇಲ್ಲ. ಒಣಗುವ ತನಕ ಕಾದೆ. ಆ ವರ್ಷದ ಶಾವಿಗೆ ಪಾಯಸ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು.

ಸೆಟ್ಟು ಹಚ್ಚಿದರೆ ಬರೀ ಗರಗರ. ಎಲ್‌ಇಡಿ ಬಲ್ಬು, ಟಿವಿಯ ಅಡಾಪ್ಟರು, ಮೊಬೈಲ್ ಚಾರ್ಜರು, ಪಂಪ್‌ಸೆಟ್ಟಿನ ಸ್ಟಾರ್ಟರು, ಊರಿನಲ್ಲಿ ಕರೆಂಟು ತಿನ್ನುವ ಪ್ರತಿಯೊಂದೂ ಆಕಾಶಕ್ಕೆ ಕಸ ಚೆಲ್ಲುತ್ತದೆ ಎಂದು ಆಗ ತಿಳಿಯಿತು. ಒಂದು ಸಂಜೆ ಕರೆಂಟ್ ಹೋಯಿತು. ನನ್ನ ಸೆಟ್ಟು ಟ್ರ್ಯಾಕ್ಟರ್ ಬ್ಯಾಟರಿಯ ಮೇಲೆ ನಡೆಯುವಂಥದ್ದು. ಗರಗರ ಥಟ್ಟನೆ ನಿಂತು, ರಶಿಯನ್ನರು, ಚೀನೀಯರು, ಇಟಲಿಯವರು, ಎಲ್ಲರೂ ಪಕ್ಕದ ಕೋಣೆಯಲ್ಲಿ ಮಾತಾಡಿದಂತೆ ಕೇಳಿದರು. ಅಂದಿನಿಂದ ನನ್ನ ನಿಷ್ಠೆ ಬದಲಾಯಿತು. ನಮ್ಮದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ವಿದ್ಯುತ್ ಸ್ಥಾವರ ಎದ್ದು ನಿಂತಿದೆ. ಬಾಗೇವಾಡಿಯ ಬೀಗರೆಲ್ಲ ಅದರ ಹೆಮ್ಮೆಯಲ್ಲಿದ್ದರೆ ನಾನೊಬ್ಬ ಲೋಡ್ ಶೆಡ್ಡಿಂಗಿನ ದಾರಿ ಕಾಯುತ್ತೇನೆ. ಕರೆಂಟ್ ಹೋದ ಕೂಡಲೇ ಓಣಿಯೆಲ್ಲ ಶಾಪ ಹಾಕುತ್ತ ಹೊರಗೆ ಬಂದರೆ, ನಾನು ಖುಷಿಯಿಂದ ಮಾಳಿಗೆ ಏರುವುದು ಎದುರು ಮನೆಯ ಮುದುಕಿಯ ಕಣ್ಣಿಗೆ ಬಿತ್ತು. "ಈ ಮಾಸ್ತರ ವಾಯರ್ ಕಟ್ಟಿದ ಮ್ಯಾಲೇ ಕರೆಂಟ್ ಹೊಂಟಾವ" ಎಂಬ ಸಿದ್ಧಾಂತ ಹುಟ್ಟಿ, ಎರಡು ಮನೆಯವರು ಇನ್ವರ್ಟರ್ ತಂದರು. ಈಗ ಕರೆಂಟ್ ಹೋದರೆ ಆ ಇನ್ವರ್ಟರುಗಳ ಗರಗರ.

ಸೂರ್ಯನ ಕತೆ ಬೇರೆ. ನಮ್ಮಲ್ಲಿ ಸೂರ್ಯನಿಗೇನು ಬರ ಎನ್ನಬೇಡಿ. ಬೇಕಾದದ್ದು ಬಿಸಿಲಲ್ಲ, ಕಲೆ. ಸೂರ್ಯನ ಮೇಲೆ ಕಲೆಗಳು ಹೆಚ್ಚಿದಷ್ಟೂ ಮೇಲಿನ ಅಯಾನುಗೋಳ ಗಟ್ಟಿಯಾಗಿ, ನಮ್ಮ ಅಲೆಗಳನ್ನು ದೂರದ ದೇಶಕ್ಕೆ ಮರಳಿಸುತ್ತದೆ. ಸುಮಾರು 11 ವರ್ಷಕ್ಕೊಮ್ಮೆ ಏರುವ ಈ ಲೆಕ್ಕ 2024ರ ಸುಮಾರಿಗೆ ತುದಿ ಮುಟ್ಟಿ ಇಳಿಯಲು ಹತ್ತಿದೆ. ಮುಂದಿನ ಏರಿಕೆ ನೋಡಬೇಕೆಂದರೆ ಬಿಪಿ ಗುಳಿಗೆ ತಪ್ಪಿಸಬಾರದು.

ಹ್ಯಾಮ್‌ಗಳ ನಕಾಶೆಯೂ ಬೇರೆ. ಭೂಮಿಯನ್ನೆಲ್ಲ ಎರಡು ಡಿಗ್ರಿ ರೇಖಾಂಶ, ಒಂದು ಡಿಗ್ರಿ ಅಕ್ಷಾಂಶದ ಚೌಕಗಳಾಗಿ ಕೊಯ್ದು ಹೆಸರಿಟ್ಟಿದ್ದಾರೆ. ಅದರಂತೆ ಇಂಡಿ ಎಂಕೆ77, ಬಾಗೇವಾಡಿ ಎಂಕೆ76, ಸಿಂದಗಿ ಮುದ್ದೇಬಿಹಾಳ ಎರಡೂ ಎಂಕೆ86. ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟಿ ಒಡೆದು ಹೊಸ ತಾಲೂಕಾಗಲು ಎಷ್ಟು ಧರಣಿ, ಎಷ್ಟು ಬಂದ್ ಆದವೋ! ಇಲ್ಲಿ ಒಂದು ಮನವಿಪತ್ರವೂ ಇಲ್ಲದೆ ಜಿಲ್ಲೆ ಹೋಳು ಹೋಳು. ಹೆಂಡತಿಗೆ ತೋರಿಸಿದೆ. "ನಿಮ್ಮೂರ ಬ್ಯಾರೆ ನಮ್ಮೂರ ಬ್ಯಾರೆ ಅಂತ ನಾ ಮೊದಲಿಂದ ಹೇಳಾಕತ್ತೀನಿ" ಅಂದಳು.

ಈ ನಾಲ್ಕೂ ಊರುಗಳಲ್ಲಿ ಒಬ್ಬೊಬ್ಬ ಹ್ಯಾಮ್ ತಯಾರಾಗಿ, ಸಂಜೆ ಕೂತಲ್ಲಿಂದಲೇ ಹರಟೆ ಹೊಡೆಯಬೇಕೆಂಬುದು ನನ್ನ ಕನಸು. ನಿಸರ್ಗ ಒಪ್ಪುತ್ತಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನ ಅಲೆ ನೇರ ಹೋಗುತ್ತದೆ. ಭೂಮಿ ಗುಂಡಗಿರುವುದರಿಂದ ಮಾಳಿಗೆಯಿಂದ ಮಾಳಿಗೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಿದರೆ ಹೆಚ್ಚು. ಸಿಂದಗಿ ನಲವತ್ತು. 400 ಕಿಲೋಮೀಟರ್ ಮೇಲೆ ಹಾಯುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ 145.800 ಮೆಗಾಹರ್ಟ್ಸಿನಲ್ಲಿ ಬರುವ ದನಿ ಅದೇ ಸೆಟ್ಟಿಗೆ ಕೇಳುತ್ತದೆ. ಸಿಂದಗಿ ಕೇಳುವುದಿಲ್ಲ. ದೊಡ್ಡ ಸೆಟ್ಟಿನದು ಇನ್ನೂ ತಮಾಷೆ. ಜೋಳದ ಹೊಲದ ಅಟ್ಟದಿಂದ ಬೀಸಿದ ಕವಣೆ ಕಲ್ಲಿನಂತೆ ಅದರ ಅಲೆ ಹತ್ತಿರದ್ದನ್ನೆಲ್ಲ ಮೇಲಿನಿಂದ ದಾಟಿ, ಎಲ್ಲೋ ಸಾವಿರಾರು ಕಿಲೋಮೀಟರ್ ಆಚೆ ಬೀಳುತ್ತದೆ.

ತಾರ್ ಮಾಸ್ತರರಿಗೆ ಒಂದು ಸಣ್ಣ ಶಾರ್ಟ್‌ವೇವ್ ರಿಸೀವರ್ ಕೊಟ್ಟು, ಇಂಥ ಸಂಜೆ ಇಷ್ಟು ಹೊತ್ತಿಗೆ ಇಂಥಲ್ಲಿ ಮುಳ್ಳು ನಿಲ್ಲಿಸಿ ಕೂಡ್ರಿ, ನನ್ನ ದನಿ ಬರುತ್ತದೋ ನೋಡೋಣ ಅಂದಿದ್ದೆ. ಕೂಗಿದೆ. ಜಾವಾದವನೊಬ್ಬ ಓಗೊಟ್ಟ. ನನ್ನ ದನಿ ಅವನಿಗೆ 59, ಅಂದರೆ ಪೂರ್ತಿ ಸ್ಪಷ್ಟ, ಪೂರ್ತಿ ಜೋರು. ಹ್ಯಾಮ್‌ಗಳು ಎಲ್ಲರಿಗೂ 59 ಕೊಟ್ಟು, ಆಮೇಲೆ "ಹೆಸರು ಇನ್ನೊಮ್ಮೆ ಹೇಳಿ" ಅನ್ನುತ್ತಾರೆ. ಊರು ಕೇಳಿದ. ರೇಡಿಯೋದಲ್ಲಿ ಊರ ಹೆಸರನ್ನು ಅಕ್ಷರ ಬಿಡಿಸಿ ಹೇಳುವ ಪದ್ಧತಿ. ಆಲ್ಫಾ, ಬ್ರಾವೋ, ಚಾರ್ಲಿ ಎಂದು ಪ್ರತಿ ಅಕ್ಷರಕ್ಕೂ ಗೊತ್ತಾದ ಶಬ್ದವಿದೆ. ಬಾಗೇವಾಡಿಯವನಾಗಿದ್ದರೆ ಇಂಗ್ಲಿಷಿನ 16 ಅಕ್ಷರ ಬಿಡಿಸುವುದರೊಳಗೆ ಅಯಾನುಗೋಳವೇ ಇಳಿದುಹೋಗುತ್ತಿತ್ತು. ನನ್ನದು ನಾಲ್ಕೇ. ಹುರುಪಿನಿಂದ ಹೇಳಿದೆ: "ಇಂಡಿಯಾ, ನವೆಂಬರ್, ಡೆಲ್ಟಾ, ಇಂಡಿಯಾ."

"ದೇಶ ಇಂಡಿಯಾ ಎಂದು ತಿಳಿಯಿತು. ಊರು?"

"ಇಂಡಿಯಾ, ನವೆಂಬರ್, ಡೆಲ್ಟಾ, ಇಂಡಿಯಾ."

"ಓ, ಎನ್, ಡಿ. ನ್ಯೂ ಡೆಲ್ಲಿ! ದೊಡ್ಡ ಊರು. ಮಳೆ ಹೇಗಿದೆ ನ್ಯೂ ಡೆಲ್ಲಿಯಲ್ಲಿ?"

ಅಲ್ಲಗಳೆಯುವಷ್ಟರಲ್ಲಿ ಅವನು ತನ್ನೂರಿನ ಮಳೆ, ತನ್ನ ಮೊಮ್ಮಕ್ಕಳು, ತನ್ನ ಆಂಟೆನಾ ಎಲ್ಲ ಹೇಳತೊಡಗಿದ್ದ. ಮಹತ್ವದ ಮಾತಲ್ಲವಲ್ಲ, ಬಿಟ್ಟೆ. ಬೀಳ್ಕೊಟ್ಟು ಕೂಡಲೇ ಸಿಂದಗಿಗೆ ಮೊಬೈಲ್ ಹಚ್ಚಿದೆ.

"ಕೇಳಸ್ತೇನ್ರಿ ಮಾಸ್ತರ್ರ?"

"ಎಲ್ಲೀದ್ರಿ! ಯಾಂವೋ ಜಾವಾದಾಂವ ಭಾಳ ಸ್ಪಷ್ಟ ಬರಾಕತ್ತಿದ್ದ. ದಿಲ್ಲಿಯಾಂವ ಒಬ್ಬನ ಜೋಡಿ ಮಳಿ ಬಗ್ಗೆ ಹಚ್ಚಿದ್ದ ನೋಡ್ರಿ, ಮುಗಸವಲ್ಲ. ದಿಲ್ಲಿ ಮಂದಿ ಉಸಾಬರಿ ನಮಗ್ಯಾಕ ಅಂತ ಬಂದ್ ಮಾಡಿ ಊಟಕ್ಕ ಕುಂತೆ. ನೀವು ಯಾವಾಗ ಚಾಲೂ ಮಾಡಾವ್ರು?"