ದಾರಿ ಬಲ್ಲ ಮಾಸ್ತರರು

ದಾರಿ ತಿಳಿಯದವನು ಕಂಡವರನ್ನು ಕೇಳುತ್ತ ನಡೆಯುತ್ತಾನೆ, ಇದು ಲೋಕರೂಢಿ. ದಾರಿಯನ್ನು ಚೆನ್ನಾಗಿ ಬಲ್ಲವನು ದಾರಿ ತೋರಿಸುವ ಯಂತ್ರವನ್ನು ಸಂಪಾದಿಸಿ ತನ್ನ ಮೋಟಾರ್ ಸೈಕಲ್ಲಿಗೆ ಕಟ್ಟಿಕೊಳ್ಳುತ್ತಾನೆ. ಇದು ನಮ್ಮ ಗದಗ-ಬೆಟಗೇರಿಯ ರೂಢಿ. ಈ ಎರಡನೆಯ ವರ್ಗಕ್ಕೆ ಸೇರಿದ ಮಹನೀಯರು ಓಣಿಗೊಬ್ಬರಂತಾದರೂ ನಮ್ಮಲ್ಲಿ ದೊರೆಯುತ್ತಾರೆ. ವಿಮಾ ಏಜಂಟರಲ್ಲಿದ್ದಾರೆ, ಸೊಸಾಯಿಟಿಯ ಕಾರ್ಯದರ್ಶಿಗಳಲ್ಲಿದ್ದಾರೆ, ಸೀರೆಯ ಗಂಟನ್ನು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತಿರುಗಿದ ನೇಕಾರರಲ್ಲಿಯೂ ಇದ್ದಾರೆ. ಆದರೆ ಈ ವರ್ಗದ ಸಕಲ ಲಕ್ಷಣಗಳೂ ಒಂದೇ ದೇಹದಲ್ಲಿ ಮೇಳೈಸಿರುವುದನ್ನು ಕಾಣಬೇಕೆಂಬ ಅಪೇಕ್ಷೆಯುಳ್ಳವರು ನಿವೃತ್ತರಾದ ಭೂಗೋಳದ ಮಾಸ್ತರರೊಬ್ಬರನ್ನು ಕಂಡರೆ ಸಾಕು, ಉಳಿದವರನ್ನು ಹುಡುಕುವ ಶ್ರಮ ತಪ್ಪುತ್ತದೆ.

ಮಾಸ್ತರರು ತಮ್ಮ ಸೇವಾವಧಿಯುದ್ದಕ್ಕೂ ವರ್ಗಾವಣೆಯ ವಶವರ್ತಿಗಳಾಗಿ ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯ ಶಾಲೆಗಳನ್ನೆಲ್ಲ ಸಂಚರಿಸಿದವರು; ಜನಗಣತಿ ಬಂದಾಗ ಮನೆಗಳನ್ನು ಎಣಿಸಿದವರು, ಚುನಾವಣೆ ಬಂದಾಗ ಮತಪೆಟ್ಟಿಗೆಯೊಡನೆ ತುಂಗಭದ್ರೆಯ ದಂಡೆಯ ಹಳ್ಳಿಗಳಲ್ಲಿ ರಾತ್ರಿ ಕಳೆದವರು; 1997ರಲ್ಲಿ ಗದಗು ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದಾಗ, ಅಚ್ಚಾದ ನಕ್ಷೆ ಶಾಲೆಗೆ ಬರುವುದಕ್ಕೆ ಮೊದಲೇ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಹೊಸ ಎಲ್ಲೆಯನ್ನು ಎಳೆದು ತೋರಿಸಿದವರು. ಡಂಬಳದ ಕೆರೆಯ ಏರಿ ಯಾವ ಕಡೆಗೆ ಬಾಗುತ್ತದೆ, ಕಪ್ಪತಗುಡ್ಡದ ಯಾವ ಮಗ್ಗುಲಿನಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿವೆ, ಲಕ್ಷ್ಮೇಶ್ವರಕ್ಕೆ ಮುಳಗುಂದದ ಮೇಲೆ ಹೋದರೆ ಎಲ್ಲಿಯ ಚಹಾ ರುಚಿ, ಶಿರಹಟ್ಟಿಯ ಮೇಲೆ ಹೋದರೆ ಎಲ್ಲಿಯ ಮಿರ್ಚಿ ಭಜಿ ರುಚಿ, ಇವೆಲ್ಲವೂ ಅವರಿಗೆ ಕಂಠಸ್ಥ. ಇಂಥವರಿಗೆ ಯಂತ್ರದ ಅಗತ್ಯವೇನೆಂದು ಕೇಳುವುದು ಅವಿವೇಕ. ಅಗತ್ಯವುಳ್ಳವನು ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಾನೆ. ಆರಿಸುವುದಕ್ಕೆ ಬೇಕಾದ ಸಾವಧಾನ ಅಗತ್ಯವಿಲ್ಲದವನಲ್ಲಿ ಮಾತ್ರ ಇರುತ್ತದೆ.

ಆ ಸಾವಧಾನವು ಮಾಸ್ತರರಲ್ಲಿ ಅಕ್ಷಯವಾಗಿತ್ತು. ಹಳೆಯ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಅವರು ಗೆರೆ ಎಳೆದು, ಯಂತ್ರಗಳನ್ನು ಮೂರು ತರಗತಿಗಳಾಗಿ ವಿಂಗಡಿಸಿದರು. ಮೊದಲನೆಯದು ಮೋಟಾರ್ ಸೈಕಲ್ಲಿಗಾಗಿಯೇ ನಿರ್ಮಾಣಗೊಂಡದ್ದು, ಗಾರ್ಮಿನ್ ಕಂಪನಿಯ ಝುಮೊ ಮಾದರಿಯದು. ಮಳೆಗೆ ಹೆದರುವುದಿಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿಯೂ ಅದರ ಪರದೆ ಕಾಣಿಸುತ್ತದೆ, ಕೈಗವಸು ತೊಟ್ಟ ಬೆರಳಿಗೂ ಸ್ಪಂದಿಸುತ್ತದೆ. ಆದರೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಅಷ್ಟು ಹಣಕ್ಕೆ ಅವರ ನೂರು ಸಿ.ಸಿ. ಗಾಡಿಯನ್ನೇ ಕೊಳ್ಳಲು ಯಾರೂ ಮುಂದೆ ಬಾರರು. ಮೂಗಿಗಿಂತ ಮೂಗುತಿ ಭಾರವೆಂದು ಷರಾ ಬರೆದು ಅದನ್ನು ಅನುತ್ತೀರ್ಣಗೊಳಿಸಿದರು. ಎರಡನೆಯದು ಕಾರಿನವರು ಗಾಜಿಗೆ ಅಂಟಿಸಿಕೊಳ್ಳುವ ಯಂತ್ರ. ಹಳೆಯದಾದರೆ ಅಗ್ಗಕ್ಕೆ ದೊರೆಯುತ್ತದೆ ನಿಜ, ಆದರೆ ಅದು ಅಂಟಿಕೊಳ್ಳಲು ಬೇಕಾದ ಗಾಜೇ ಗಾಡಿಯ ಮುಂದೆ ಇಲ್ಲ, ಮಳೆಯ ಹನಿ ಬಿದ್ದರೆ ಅದಕ್ಕೆ ತಡೆಯುವ ಶಕ್ತಿಯೂ ಇಲ್ಲ. ಮೂರನೆಯದು, ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗ ಹೊಸದನ್ನು ಕೊಂಡ ಮೇಲೆ ಮಾವನ ಮನೆಯಲ್ಲಿ ಬಿಟ್ಟುಹೋಗಿದ್ದ, ಒಂದು ಮೂಲೆ ಸೀಳಿದ ಮೊಬೈಲು. ಬೆಲೆಯ ಕಾಲಮಿನಲ್ಲಿ ಸೊನ್ನೆ ಬರೆಯುವ ಸುಯೋಗ ಲಭಿಸಿದ ಮೇಲೆ ಉಳಿದ ಕಾಲಮುಗಳನ್ನು ಅವರು ತುಂಬಲಿಲ್ಲ.

ಆ ಮೊಬೈಲಿನಲ್ಲಿ ಸಿಮ್ ಇರಲಿಲ್ಲ; ಇರಬೇಕಾದ ಅಗತ್ಯವೂ ಇಲ್ಲವೆಂಬುದನ್ನು ತಿಳಿದಾಗ ಮಾಸ್ತರರಿಗೆ ಆದ ಆನಂದ ಅವರ್ಣನೀಯ. ಸ್ಥಳವನ್ನು ಅರಿಯುವ ಈ ವಿದ್ಯೆಯಲ್ಲಿ ಯಂತ್ರವು ಆಕಾಶದ ಮಾತನ್ನು ಕೇಳುತ್ತದೆಯೇ ಹೊರತು ತಾನು ಏನನ್ನೂ ಆಡುವುದಿಲ್ಲ. ನಕ್ಷೆಯೊಂದನ್ನು ಮೊದಲೇ ಮನೆಯಲ್ಲಿ ಇಳಿಸಿಕೊಂಡಿದ್ದರೆ ತಿಂಗಳು ತಿಂಗಳು ಕರೆನ್ಸಿ ಹಾಕಿಸುವ ಗೊಡವೆಯಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಪರಿಭ್ರಮಿಸುವ ಉಪಗ್ರಹಗಳಲ್ಲಿ ನಾಲ್ಕರ ಸಂಕೇತವಾದರೂ ಏಕಕಾಲಕ್ಕೆ ದೊರೆಯಬೇಕು. ಸಂಕೇತವು ಹೊರಟ ಕಾಲಕ್ಕೂ ತಲುಪಿದ ಕಾಲಕ್ಕೂ ಇರುವ ಅಂತರದಿಂದ ದೂರವನ್ನು ಗಣಿಸಿ, ಮೂರರಿಂದ ಸ್ಥಳವನ್ನು ನಿಶ್ಚಯಿಸಿ, ನಾಲ್ಕನೆಯದರಿಂದ ಯಂತ್ರವು ತನ್ನ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳುತ್ತದೆ. ಇದನ್ನೆಲ್ಲ ಮಾಸ್ತರರು ಓದಿ ಮನನ ಮಾಡಿದರು. ಓದುತ್ತ ಓದುತ್ತ ಯಂತ್ರದ ಪೂರ್ವಚರಿತ್ರೆಯಲ್ಲಿ ಅವರಿಗೊಂದು ಕಲಂಕವೂ ಗೋಚರಿಸಿತು. ಅಮೆರಿಕದವರು ಸೈನ್ಯದ ಹಿತಕ್ಕಾಗಿ, ಸಾಮಾನ್ಯ ಜನರಿಗೆ ದೊರೆಯುವ ಸಂಕೇತದಲ್ಲಿ 2000ದ ಮೇ ತಿಂಗಳವರೆಗೆ ಉದ್ದೇಶಪೂರ್ವಕವಾಗಿಯೇ ತಪ್ಪನ್ನು ಬೆರೆಸುತ್ತಿದ್ದರು. ಆ ಕಾಲದಲ್ಲಿ ಯಂತ್ರ ತೋರಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ವ್ಯತ್ಯಾಸ ಬರಬಹುದಾಗಿತ್ತು. "ಗೊತ್ತಿದ್ದೂ ತಪ್ಪು ಹೇಳಿದ ಹುಡುಗ ಇಂವ. ಈಗ ಸುಧಾರಿಸ್ಯಾನ ಅಂತಾರ. ಇರಲಿ, ಪರೀಕ್ಷಾ ಮಾಡಿ ನೋಡೂಣು" ಎಂದು ಅವರು ಹಾಜರಿ ಪುಸ್ತಕವನ್ನು ಮುಚ್ಚಿದರು. ಭಾರತದವರೇ 2013ರಿಂದ ಹಾರಿಸತೊಡಗಿದ ನಾವಿಕ್ ಉಪಗ್ರಹಗಳ ಮಾತನ್ನು ಕೇಳುವ ಯೋಗ್ಯತೆ ಆ ಹಳೆಯ ಮೊಬೈಲಿಗೆ ಇಲ್ಲವೆಂಬುದೊಂದು ದೇಶಭಕ್ತಿಯ ವ್ಯಥೆಯಾಗಿ ಉಳಿಯಿತು.

ಯಂತ್ರವು ಉಚಿತವಾಗಿ ದೊರೆತದ್ದರಿಂದ ಅದನ್ನು ಕೂರಿಸುವ ಕಾರ್ಯವು ದುಬಾರಿಯಾಯಿತು. ಮಿತವ್ಯಯದ ಶಾಸ್ತ್ರದಲ್ಲಿ ಇದು ಸಾಮಾನ್ಯ ನಿಯಮ. ಮೊದಲು ಕೊಂಡ ಪ್ಲಾಸ್ಟಿಕ್ಕಿನ ಹಿಡಿಕೆಯು ಹ್ಯಾಂಡಲಿನ ಕೊಳವೆಗೆ ಸಡಿಲವಾಗಿ, ಗದಗಿನಿಂದ ಹೊರಟಾಗ ಮುಖದ ಕಡೆಗಿದ್ದ ಮೊಬೈಲು ಲಕ್ಕುಂಡಿಯನ್ನು ತಲುಪುವಷ್ಟರಲ್ಲಿ ನೆಲವನ್ನು ನಿರೀಕ್ಷಿಸತೊಡಗಿತು. ಹ್ಯಾಂಡಲಿನ ಕೊಳವೆ 22 ಮಿಲಿಮೀಟರಿನದೆಂಬುದನ್ನು ಆ ಬಳಿಕ ಅಳೆದು ತಿಳಿದ ಮಾಸ್ತರರು, ಸೈಕಲ್ಲಿನ ಹಳೆಯ ಟ್ಯೂಬನ್ನು ಕತ್ತರಿಸಿ ಒಳಗೆ ಸುತ್ತಿ, ಎರಡನೆಯದಾಗಿ ಕಬ್ಬಿಣದ ಹಿಡಿಕೆಯೊಂದನ್ನು ಬಿಗಿಸಿದರು. ಎಂಜಿನ್ನಿನ ನಡುಕದಿಂದ ಬೆಲೆಬಾಳುವ ಮೊಬೈಲುಗಳ ಕ್ಯಾಮೆರಾ ಕೆಡುವ ಸಂಭವವಿದೆಯೆಂದು ಆ್ಯಪಲ್ ಕಂಪನಿಯವರೇ 2021ರಲ್ಲಿ ಎಚ್ಚರಿಸಿದ್ದುಂಟು. ಮಾಸ್ತರರ ಮೊಬೈಲಿನ ಕ್ಯಾಮೆರಾ ಮೊದಲೇ ಕೆಟ್ಟಿದ್ದುದರಿಂದ ಆ ಭಯಕ್ಕೆ ಆಸ್ಪದವಿರಲಿಲ್ಲ. ದಾರಿದ್ರ್ಯಕ್ಕೂ ಅದರದೇ ಆದ ನಿಶ್ಚಿಂತೆಯುಂಟು.

ಅನಂತರ ವಿದ್ಯುತ್ತಿನ ಪ್ರಶ್ನೆ. ಗಾಡಿಯ ಬ್ಯಾಟರಿಯ 12 ವೋಲ್ಟನ್ನು ಮೊಬೈಲಿಗೆ ಬೇಕಾದ 5 ವೋಲ್ಟಿಗೆ ಇಳಿಸುವ ಚಾರ್ಜರನ್ನು ಬ್ಯಾಟರಿಗೆ ನೇರವಾಗಿ ಜೋಡಿಸುವುದು ಸುಲಭ. ಆದರೆ ಗಾಡಿ ನಿಂತಿರುವಾಗಲೂ ಅದು ಬ್ಯಾಟರಿಯನ್ನು ಹೀರುತ್ತಿರುತ್ತದೆ. ಕೀಲಿ ತಿರುಗಿಸಿದಾಗ ಮಾತ್ರ ಹರಿಯುವ ತಂತಿಗೆ ಜೋಡಿಸಬೇಕು, ನಡುವೆ ಫ್ಯೂಸ್ ಇರಬೇಕು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿದಾಗ ತಂತಿ ಎಳೆಯಬಾರದು, ಇದು ಮಾಸ್ತರರ ಸಿದ್ಧಾಂತ. ಮುಳಗುಂದ ನಾಕಾದ ಬಳಿಯ ಮಿಸ್ತ್ರಿಯ ಸಿದ್ಧಾಂತ ಬೇರೆ.

"ಫ್ಯೂಸ್ ಯಾಕ್ರೀ ಮಾಸ್ತರ್ರ, ನಾ ಅದೀನಲ್ಲ."

"ನೀ ಗ್ಯಾರೇಜಿನ್ಯಾಗ ಇರತೀಯೋ ತಮ್ಮಾ, ಬೆಂಕಿ ಹತ್ತೂದು ಮುಂಡರಗಿ ದಾರ್ಯಾಗ."

ಹೀಗೆ ಸರ್ವಾಂಗಸಜ್ಜಿತವಾದ ಗಾಡಿಯನ್ನು ಮಾಸ್ತರರು ಬೆಳಗಿನ ಹೊತ್ತು ಬಾಗಿಲಿನ ಮುಂದೆ ನಿಲ್ಲಿಸಿ, ತಾವೂ ಅದರ ಪಕ್ಕದಲ್ಲಿ ನಿಲ್ಲುತ್ತಾರೆ. ಸಿಮ್ ಇದ್ದ ಮೊಬೈಲಿಗೆ ಉಪಗ್ರಹಗಳ ಇರುವಿಕೆಯ ವಿವರವನ್ನು ಜಾಲದವರು ತಟ್ಟನೆ ಒದಗಿಸುತ್ತಾರೆ. ಇಲ್ಲದ ಮೊಬೈಲು ಅದನ್ನು ಉಪಗ್ರಹಗಳ ಬಾಯಿಂದಲೇ ಕೇಳಬೇಕು. ಉಪಗ್ರಹವೋ ಸೆಕೆಂಡಿಗೆ 50 ಬಿಟ್‌ಗಳ ಮಂದಗತಿಯಲ್ಲಿ ನುಡಿಯುವಂಥದು. ತನ್ನ ಬಳಗದ ಸಮಗ್ರ ಪಂಚಾಂಗವನ್ನು ಹೇಳಿ ಮುಗಿಸಲು ಅದಕ್ಕೆ ಹನ್ನೆರಡೂವರೆ ನಿಮಿಷ ಬೇಕು. ಹಾದಿಯಲ್ಲಿ ಹೋಗುವವರು ನಿಂತು ವಿಚಾರಿಸದೆ ಮುಂದೆ ಹೋಗುವ ಊರು ನಮ್ಮದಲ್ಲವಾದ್ದರಿಂದ, ಆ ಅವಧಿಯಲ್ಲಿ ಗಾಡಿಯ ಸುತ್ತ ಒಂದು ಸಣ್ಣ ಸಭೆಯೇ ನೆರೆಯುತ್ತದೆ.

"ಏನ್ರೀ ಮಾಸ್ತರ್ರ, ಗಾಡಿ ಮ್ಯಾಲ ಟಿ.ವಿ. ಕುಂದ್ರಿಸೀರಲ್ಲ?"

"ಟಿ.ವಿ. ಅಲ್ಲೋ. ಲಕ್ಷ್ಮೇಶ್ವರಕ್ಕ ದಾರಿ ತೋರಸ್ತೈತಿ."

"ಲಕ್ಷ್ಮೇಶ್ವರದ ದಾರಿ ನಿಮಗ ಗೊತ್ತಿಲ್ಲೇನ್ರೀ?"

"ನನಗ ಗೊತ್ತೈತಿ. ಇದಕ್ಕ ಗೊತ್ತೈತೇನು ಅಂತ ನೋಡಾಕತ್ತೀನಿ."

ಮಾಸ್ತರರ ಸಮಗ್ರ ತತ್ತ್ವವೂ ಈ ಉತ್ತರದಲ್ಲಿ ಅಡಕವಾಗಿದೆ. ಯಂತ್ರವು ಅವರ ಪಾಲಿಗೆ ಗುರುವಲ್ಲ, ಮಾರ್ಗದರ್ಶಿಯೂ ಅಲ್ಲ. ಅದು ಹಿಂದಿನ ಬೆಂಚಿನಿಂದ ಎಬ್ಬಿಸಿ ನಿಲ್ಲಿಸಿದ ವಿದ್ಯಾರ್ಥಿ. ಲಕ್ಕುಂಡಿಯ ಕಾಶಿವಿಶ್ವೇಶ್ವರನ ಗುಡಿಗೆ ದಾರಿ ಕೇಳಿದಾಗ ಅದು ತಪ್ಪಿಲ್ಲದೆ ಉತ್ತರಿಸಿತಾದ್ದರಿಂದ ಪೂರ್ಣ ಅಂಕ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಸರಿಯಾಗಿ ಕರೆದೊಯ್ದರೂ ಊರ ಹೆಸರನ್ನು ವಿಕಾರವಾಗಿ ಉಚ್ಚರಿಸಿದ್ದರಿಂದ ಎರಡು ಅಂಕ ಕಡಿತ. ಲಕ್ಷ್ಮೇಶ್ವರದಲ್ಲಂತೂ ಮಾಸ್ತರರ ಕೋಪ ನ್ಯಾಯವಾದದ್ದೇ. ಏಕೆಂದರೆ ಅದು ಪ್ರಾಚೀನವಾದ ಪುಲಿಗೆರೆ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಒಂದು. ಅಂಥ ಊರಿನ ನಡುಬೀದಿಯಲ್ಲಿ, ಸೋಮೇಶ್ವರನಿಗೂ ಕೇಳಿಸುವಂತೆ, ಕನ್ನಡವನ್ನು ಹೀಗೆ ಹಿಂಸಿಸುವ ಧೈರ್ಯ ಯಾವ ವಿದ್ಯಾರ್ಥಿಗೂ ಅವರ ತರಗತಿಯಲ್ಲಿ ಎಂದೂ ಬಂದಿರಲಿಲ್ಲ.

ಬೇಸಗೆಯಲ್ಲಿ ಯಂತ್ರಕ್ಕೆ ತಾಪ ತಡೆಯಲಿಲ್ಲ. ಮುಂಡರಗಿಯ ದಾರಿಯಲ್ಲಿ ಅದು ಕಾದು, ಪರದೆ ಕಪ್ಪಾಗಿ, ಮೌನವನ್ನು ತಾಳಿತು. ಮಾಸ್ತರರು ದಸ್ತಿಯನ್ನು ನೀರಿನಲ್ಲಿ ತೋಯಿಸಿ, ಹಿಂಡಿ, ಅದರ ಮೇಲೆ ಹೊದಿಸಿದರು. ಹಿಂದೆ ಕುಳಿತಿದ್ದ ನಾನು, ಹೀಗೆ ಮುಚ್ಚಿದರೆ ನಕ್ಷೆಯನ್ನು ನೋಡುವುದು ಹೇಗೆಂದು ವಿಚಾರಿಸಿದೆ. "ನಾವ್ಯಾಕ ನೋಡಬೇಕ್ರೀ? ದಾರಿ ಗೊತ್ತೈತಲ್ಲ. ಅದಕ್ಕ ತಂಪಾಗಲಿ" ಎಂದರು.

ಮುಂಗಾರಿನಲ್ಲಿ ಪರೀಕ್ಷೆ ಕಠಿಣವಾಯಿತು. ಮಾಸ್ತರರು ಬಲ್ಲ ಹೆದ್ದಾರಿಯನ್ನು ಬಿಟ್ಟು, ಎರಡು ಹಳ್ಳಿಗಳ ನಡುವಿನ ಎರೆಹೊಲದ ಬಂಡಿಜಾಡೊಂದನ್ನು ಯಂತ್ರವು ಹತ್ತಿರದ ದಾರಿಯೆಂದು ಸೂಚಿಸಿತು. ಅದು ಸುಳ್ಳಲ್ಲ, ಸುಗ್ಗಿಯ ಕಾಲದಲ್ಲಿ ಆ ಜಾಡು ಕಲ್ಲಿನಂತೆ ಗಟ್ಟಿ, ಬಂಡಿ, ಟ್ರ್ಯಾಕ್ಟರು ನಿರಾತಂಕವಾಗಿ ಹೋಗುತ್ತವೆ. ಆದರೆ ಒಂದು ಹದ ಮಳೆ ಬಿತ್ತೆಂದರೆ ಎರೆಮಣ್ಣು ಗಾಲಿಗೆ ಹತ್ತಿ, ಮಡ್‌ಗಾರ್ಡಿನೊಳಗೆ ಕಿಕ್ಕಿರಿದು, ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ; ಆಗ ಮನುಷ್ಯನು ಗಾಡಿಯ ಮೇಲೆ ಹೋಗುವುದು ತಪ್ಪಿ ಗಾಡಿಯು ಮನುಷ್ಯನ ಮೇಲೆ ಹೋಗುವ ಪ್ರಸಂಗ ಬರುತ್ತದೆ. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ಸ್ಥಳವನ್ನು ಮೀಟರುಗಳ ಲೆಕ್ಕದಲ್ಲಿ ಹೇಳಬಲ್ಲ ಈ ವಿದ್ಯೆಗೆ ಮೃಗಶಿರ ಮಳೆ ಆಯಿತೋ ಇಲ್ಲವೋ ಎಂಬ, ಆ ಊರಿನ ದನಗಾಹಿಗೂ ತಿಳಿದ ಸಂಗತಿ ತಿಳಿಯದು. ಮಾಸ್ತರರು ಗಾಡಿಯನ್ನು ತಿರುಗಿಸದೆ ನಿಲ್ಲಿಸಿ, ಯಂತ್ರವನ್ನು ದೀರ್ಘಕಾಲ ದಿಟ್ಟಿಸಿದರು. ಹಳೆಯ ವಿದ್ಯಾರ್ಥಿಗಳು ಬಲ್ಲರು, ಆ ನೋಟಕ್ಕಿಂತ ಛಡಿ ಏಟು ಮೇಲು.

ಈ ಮಹಾಶಯರು ದಾರಿ ತಿಳಿಯದ ಊರಿಗೆ ಹೋಗುವಾಗ ಏನು ಮಾಡುತ್ತಾರೆಂಬ ಕುತೂಹಲ ಓದುಗರಿಗೆ ಸಹಜವಾದದ್ದು. ಅಂಥ ಸಂದರ್ಭದಲ್ಲಿ ಅವರು ಯಂತ್ರವನ್ನು ಆರಿಸಿ, ಕಿಸೆಯಲ್ಲಿಟ್ಟು, ಕಟ್ಟೆಯ ಮೇಲೆ ಕುಳಿತವರನ್ನು ಕೇಳುತ್ತಾರೆ. ಈ ಕ್ರಮವು ಹಾಸ್ಯಾಸ್ಪದವೆಂದು ಮೊದಲು ನನಗೂ ತೋರಿತು. ಆದರೆ ಅವರ ತರ್ಕವನ್ನು ಕೇಳಿದ ಮೇಲೆ ಎದುರುವಾದಕ್ಕೆ ಮಾತು ಸಿಕ್ಕಲಿಲ್ಲ. ದಾರಿ ಗೊತ್ತಿರುವೆಡೆ ಯಂತ್ರವು ತಪ್ಪಿದರೆ ತಿದ್ದಬಹುದು. ಗೊತ್ತಿಲ್ಲದೆಡೆ ಅದು ತಪ್ಪುತ್ತಿದೆಯೆಂದು ತಿಳಿಸುವವರಾರು? ಕಟ್ಟೆಯ ಮೇಲಿನವನಾದರೋ ತಪ್ಪು ಹೇಳುವ ಮೊದಲು ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಾನೆ, ಪಕ್ಕದವನ ಮುಖ ನೋಡುತ್ತಾನೆ. ಯಂತ್ರವು ಸರಿಯನ್ನೂ ತಪ್ಪನ್ನೂ ಒಂದೇ ಧ್ವನಿಯಲ್ಲಿ, ಒಂದೇ ನಿಶ್ಚಯದಿಂದ ನುಡಿಯುತ್ತದೆ.

ಈ ತರ್ಕಕ್ಕೆ ಪ್ರಬಲವಾದ ಸಾಕ್ಷ್ಯವೊಂದು ಚಳಿಗಾಲದಲ್ಲಿ ದೊರೆಯಿತು. ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವಿನ ಮಾಗಡಿಯ ಕೆರೆ, 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಜೌಗುತಾಣ; ಅಲ್ಲಿಗೆ ಪ್ರತಿ ವರ್ಷ ಮಧ್ಯ ಏಷ್ಯದಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ನಮ್ಮ ಹೆಬ್ಬಾತುಗಳನ್ನು ನೋಡಬೇಕೆಂದು ಮಾಸ್ತರರು ಮಾಗಡಿಯೆಂದು ಒತ್ತಿದಾಗ ಯಂತ್ರವು, ಸುಮಾರು ನಾನೂರು ಕಿಲೋಮೀಟರ್ ದೂರದ ಕೆಂಪೇಗೌಡನ ಮಾಗಡಿಗೆ ಗಂಭೀರವಾಗಿ ದಾರಿಯನ್ನು ಬಿಡಿಸಿತು. ಮಂಗೋಲಿಯದ ಹಕ್ಕಿಗೆ ತಿಳಿದ ಮಾಗಡಿ ಗದಗಿನ ಮೊಬೈಲಿಗೆ ತಿಳಿಯಲಿಲ್ಲ. ಕೆರೆಯ ದಂಡೆಯಲ್ಲಿ ನಿಂತಾಗ, ವಿಜ್ಞಾನಿಗಳು ಈ ಹೆಬ್ಬಾತುಗಳಲ್ಲಿ ಕೆಲವನ್ನು ಹಿಡಿದು, ಬೆನ್ನಿಗೆ ಇಂಥದೇ ಯಂತ್ರವನ್ನು ಕಟ್ಟಿ, ಹಿಮಾಲಯದ ಮೇಲೆ ಅವು ಹಾರುವ ಮಾರ್ಗವನ್ನು ಅಭ್ಯಸಿಸಿದ್ದಾರೆಂದು ನಾನು ತಿಳಿಸಿದೆ. ಮಾಸ್ತರರ ಮುಖ ಅರಳಿತು. "ಅಂದ್ರ ಅವ್ರೂ ದಾರಿ ಗೊತ್ತಿದ್ದವರಿಗೇ ಕಟ್ಟ್ಯಾರ!" ಎಂದು ಉದ್ಗರಿಸಿದರು. ಅಂತರರಾಷ್ಟ್ರೀಯ ವಿದ್ವತ್ತಿನ ಮನ್ನಣೆ ತಮ್ಮ ಪದ್ಧತಿಗೆ ದೊರೆತ ತೃಪ್ತಿಯಲ್ಲಿ ಅವರು ಅಂದು ಹಿಂತಿರುಗುವಾಗ ಯಂತ್ರಕ್ಕೆ ಕೃಪಾಂಕಗಳನ್ನು ನೀಡಿ ತೇರ್ಗಡೆಗೊಳಿಸಿದರು.

ಅಂದಿನಿಂದ ಮಾಸ್ತರರ ಕೀರ್ತಿ ಹಬ್ಬಿದೆ. ಇಂಥ ಸಾಮಾನುಗಳನ್ನು ಮಾರುವ ಅಂಗಡಿಯ ಬೆಂಚಿನ ಮೇಲೆ ಸಂಜೆ ಅವರು ವಿರಾಜಮಾನರಾಗಿರುವಾಗ, ಹೊಸ ಗಾಡಿ ಕೊಂಡ ಹುಡುಗರು ಬಂದು ಯಾವ ಯಂತ್ರ ಚಲೋ, ಯಾವ ಹಿಡಿಕೆ ಗಟ್ಟಿ ಎಂದು ವಿನಯದಿಂದ ಕೇಳುತ್ತಾರೆ. ಮಾಸ್ತರರು ಫ್ಯೂಸಿನಿಂದ ಆರಂಭಿಸಿ ಉಪಗ್ರಹದವರೆಗೆ ಎಲ್ಲವನ್ನೂ ವಿವರಿಸಿ, "ಮೊದಲ ಒಂದು ವರ್ಷ ತಿರುಗಾಡಿ ದಾರಿ ಕಲೀರಿ, ಆಮ್ಯಾಲ ಯಂತ್ರ ತಗೋರಿ" ಎಂದು ಉಪಸಂಹರಿಸುತ್ತಾರೆ. ಹುಡುಗರು ನಮಸ್ಕರಿಸಿ ಬರಿಗೈಯಲ್ಲಿ ಹೊರಟುಹೋಗುತ್ತಾರೆ. ಅಂಗಡಿಯವನು ಸಂಸ್ಕಾರವಂತ, ಮೇಲಾಗಿ ಹಳೆಯ ವಿದ್ಯಾರ್ಥಿ. ಗುರುಗಳಿಗೆ ಚಹಾ ತರಿಸಿಕೊಟ್ಟು, ಕುಡಿದಾದ ಬಳಿಕ ಮನೆಗೆ ಹೋಗುವ ಅತಿ ಹತ್ತಿರದ ದಾರಿಯನ್ನು ಸೂಚ್ಯವಾಗಿ ನೆನಪಿಸುತ್ತಾನೆ. ಈ ಸೀಮೆಯಲ್ಲಿ ಮಾಸ್ತರರಿಗೆ ಗೊತ್ತಿಲ್ಲದ ದಾರಿ ಅದೊಂದೇ.