ಎಡಕ್ಕೆ ಭಾವಮೈದುನ, ಬಲಕ್ಕೆ ಷಡ್ಡಕ
ನೆಟ್‌ವರ್ಕ್ ಮಾರ್ಕೆಟಿಂಗ್ ಸೇರುವವರು ಮೊದಲು ತಮ್ಮ ಸ್ವಭಾವ ನೋಡಿಕೊಳ್ಳಬೇಕು. ಕಮಿಷನ್ ಪ್ಲಾನ್ ಆಮೇಲೆ. ಮದುವೆಮನೆಯಲ್ಲಿ ಮೂರು ಪಂಕ್ತಿಯವರನ್ನೂ ಮಾತಾಡಿಸಿ ಬರುವ ಅತ್ತಿಗೆಯಂಥವರಿಗೆ ಯೂನಿಲೆವೆಲ್ ಪ್ಲಾನ್: ಎಷ್ಟು ಜನರನ್ನು ಕರೆತಂದರೂ ಎಲ್ಲರೂ ನೇರವಾಗಿ ಅವರ ಕೆಳಗೇ. ಸಂಕೋಚದವರಿಗೆ ಮ್ಯಾಟ್ರಿಕ್ಸ್. ಸಾಲಿನ ಅಗಲಕ್ಕೆ ಮಿತಿ ಇರುವುದರಿಂದ, ಮೇಲಿನವರಿಗೆ ಹೆಚ್ಚಾದವರು ತಮ್ಮ ಕೆಳಗೆ ಉದುರಿಯಾರು ಎಂಬ ಆಸೆ. ಕೂತು ಕಾಯುವ ಕಲೆ ಬಲ್ಲವರು ನಮ್ಮಲ್ಲೇನು ಕಡಿಮೆಯೇ!

ಬೈನರಿಯ ಕಥೆಯೇ ಬೇರೆ. ಅದಕ್ಕೆ ಎಡ, ಬಲ ಎಂದು ಎರಡು ಕಾಲು. ಲೆಕ್ಕ ಸಾಮಾನ್ಯವಾಗಿ ಸೊರಗಿದ ಕಾಲಿನದು. ಎಡಕ್ಕೆ ಹಾಕಿದ ಭಾವಮೈದುನ ಊರನ್ನೇ ಸೇರಿಸಲಿ, ಬಲಕ್ಕೆ ಹಾಕಿದ ಷಡ್ಡಕ ಮಲಗಿದ್ದರೆ ಕಮಿಷನ್ನೂ ಮಲಗಿತು. ಇಬ್ಬರು ಸೊಸೆಯರನ್ನು ಸಮನಾಗಿ ತೂಗಿಸಿದ ಅತ್ತೆಯರಿಗೆ ಮಾತ್ರ ಇದು ಸರಿ. "ಬರೀ ಇಬ್ಬರು ಸಾಕು ಸಾರ್" ಅನ್ನುತ್ತಾರೆ, ಸೇರಿಸಲು ಬಂದವರು. ಆ ಇಬ್ಬರು ತಲಾ ಇಬ್ಬರನ್ನು ತರುತ್ತಾ ಹೋದರೆ 25ನೇ ಹಂತಕ್ಕೆ ಒಟ್ಟು 6.71 ಕೋಟಿ ಜನ. 2011ರ ಜನಗಣತಿಯಲ್ಲಿ ಹಸುಗೂಸುಗಳೂ ಸೇರಿ ಇಡೀ ಕರ್ನಾಟಕವೇ 6.11 ಕೋಟಿ! ಉಳಿದವರಿಗೆ ತಮಿಳುನಾಡನ್ನು ಕೇಳಬೇಕು, ಕಾವೇರಿ ನೀರಿಗೆ ಬದಲಾಗಿ.

ಬರೀ ಜನರನ್ನು ಸೇರಿಸಿದ್ದಕ್ಕೆ ದುಡ್ಡು ಕೊಡುವ ಪಿರಮಿಡ್ ಯೋಜನೆಯನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಆದ್ದರಿಂದ ಮನೆಗೆ ಕರೆದವರನ್ನು "ಮಾರುವ ವಸ್ತು ಯಾವುದು?" ಎಂದು ಕೇಳಿ. ಉತ್ತರ ಬರದಿದ್ದರೆ ಕಾಫಿ ಮುಗಿಸಿ ಎದ್ದು ಬನ್ನಿ.